‘ಸಮಾಜ ತಾನೇ ಸಾರ್?’

ಚಿತ್ರದುರ್ಗದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಅಂದ ಕೂಡಲೇ ಮುಂದಿನ ಪ್ರಶ್ನೆ ನನಗೆ ಗೊತ್ತಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ದಾವಣಗೆರೆ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲ ಕಡೆ ಒಂದೇ: “ಸಮಾಜ ತಾನೇ ಸಾರ್? ಅದ್ರಲ್ಲಿ ಹೇಳ್ಕೊಡೋದು ಏನಿರುತ್ತೆ? ಹುಡುಗ್ರು ಓದ್ಕೊಂಡ್ರೆ ಆಯ್ತಲ್ಲ.” ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಆ ‘ತಾನೇ’ ಚುಚ್ಚುತ್ತದೆ. “ಗಣಿತ ತಾನೇ?” ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅವರದು ಒಂದು ಸಬ್ಜೆಕ್ಟು. ನನ್ನದು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರಕ್ಕೂ ಸೇರಿ ಒಬ್ಬನೇ ಮೇಷ್ಟ್ರು. ಬೆಳಗ್ಗೆ 1857ರ ದಂಗೆ, ಬಿಸಿಯೂಟ ಆದ ಮೇಲೆ ಬ್ಯಾಂಕ್ ವ್ಯವಹಾರ. ಜೊತೆಗೆ ನಕ್ಷೆ. ಐದು ಅಂಕದ ಆಸೆಗೆ ನಮ್ಮ ಮಕ್ಕಳು ಬರೆಯುವ ಭಾರತವನ್ನು ನೀವು ನೋಡಬೇಕು. ಒಮ್ಮೆ ಶ್ರೀಲಂಕಾ ಮಂಗಳೂರಿನ ಪಕ್ಕಕ್ಕೆ ಬಂದು ನಿಂತಿತ್ತು.

ಪೋಷಕರ ಸಭೆಯೊಂದರಲ್ಲಿ ಹಿರಿಯೂರು ಕಡೆಯ ಒಬ್ಬರು ಇದೇ ಮಾತು ಎತ್ತಿದರು. “ಇಸವಿ ಬಾಯಿಪಾಠ ಮಾಡಿ ಏನ್ ಬಂತು ಸಾರ್? ಆ ಪಿರಿಯಡ್ಡಲ್ಲೂ ಗಣಿತಾನೇ ಮಾಡ್ಸಿ.” ಮಾತು ಮಳೆಯ ಕಡೆ ತಿರುಗಿತು. ಆಗ ನೋಡಬೇಕಿತ್ತು ಅವರನ್ನು. ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರದ ಅಣೆಕಟ್ಟೆ, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, ನಡುವೆ 89 ವರ್ಷ, ಅವರ ಅಜ್ಜ ಕಂಡದ್ದನ್ನು ಅಪ್ಪ ಕಾಣದೇ ಹೋದದ್ದು. ಒಂದು ಇಸವಿ ತಪ್ಪಲಿಲ್ಲ. ಇದು ಯಾವ ಸಬ್ಜೆಕ್ಟು ಸ್ವಾಮಿ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಟೀ ಬಂತು.

ನಾನೇನೂ ಸಾಚಾ ಅಲ್ಲ. ಜನವರಿ ಬಂದರೆ ನಾನೂ ಹಳೇ ಪ್ರಶ್ನೆಪತ್ರಿಕೆ ಹಿಡಿದು “ಕಾರಣಗಳು ಆರು, ಪರಿಣಾಮಗಳು ಆರು, ಬರ್ಕೊಳ್ಳಿ” ಅನ್ನುತ್ತೇನೆ. ಫಲಿತಾಂಶ ಕಮ್ಮಿಯಾದರೆ ವಿವರಣೆ ಕೊಡುವವನು ನಾನೇ.

ಆದರೆ ನನ್ನನ್ನು ಕೇಳಬೇಕಾದ ಪ್ರಶ್ನೆಯನ್ನು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದಳು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಜನ ‘ಅಕ್ಷರಗುಂಡು’ ಅನ್ನುವ ಬಂಡೆ. ಅಶೋಕನ ಶಾಸನ ಅಂತ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆಜ್ಞೆ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ ಅಂತೆಲ್ಲ ಒದರುತ್ತಿದ್ದೆ. ಅರ್ಧಕ್ಕರ್ಧ ಮಕ್ಕಳ ಕಣ್ಣು ಚಿತ್ರಾನ್ನದ ಡಬ್ಬಿಯ ಮೇಲೆ. ಕೊನೆಗೆ, ಬರೆದವನ ಹೆಸರು ಚಪಡ, ಆದರೆ ‘ಲಿಪಿಕಾರ’ ಅನ್ನುವ ಕಡೆಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ ಅಂದೆ.

“ಯಾಕೆ ಸಾರ್?”

ಉತ್ತರ ಹೇಳದೆ, ನೀನೇ ಹೇಳಮ್ಮ ಅಂದೆ. ಸ್ವಲ್ಪ ಹೊತ್ತು ಬಂಡೆ ನೋಡಿದಳು. “ನಮ್ಮಪ್ಪ ಲಾರಿ ಓಡಿಸ್ತಾರೆ ಸಾರ್. ಗುಜರಾತಲ್ಲಿ ಲೋಡು ಇಳಿಸಿದ್ರೂ ಚೀಟಿಗೆ ಕನ್ನಡದಲ್ಲೇ ಸೈನ್ ಹಾಕ್ತಾರೆ. ಇವನೂ ಬೇರೆ ಊರವನಾ?”

ಖರೋಷ್ಠಿ ನಡೆಯುತ್ತಿದ್ದದ್ದು ದೂರದ ವಾಯವ್ಯದಲ್ಲಿ, ಇವತ್ತಿನ ಪಾಕಿಸ್ತಾನದ ಕಡೆ. ಅವನು ಅಲ್ಲಿಂದ ಬಂದಿರಬೇಕು, ಇಲ್ಲವೇ ಅಲ್ಲಿ ಅಕ್ಷರ ಕಲಿತಿರಬೇಕು ಅಂತ ವಿದ್ವಾಂಸರು ಊಹಿಸಿರುವುದೂ ಆ ಒಂದು ಪದ ಹಿಡಿದೇ. ಲಾರಿ ಡ್ರೈವರ್ ಮಗಳು ಎರಡು ನಿಮಿಷದಲ್ಲಿ ಅಲ್ಲಿಗೇ ಬಂದಿದ್ದಳು. ಅಷ್ಟಕ್ಕೇ ಬಿಡಲಿಲ್ಲ: “ಇಲ್ಲಿ ಅವನಿಗೆ ಊಟ ಯಾರು ಹಾಕ್ತಿದ್ರು ಸಾರ್? ಯಾವ ಭಾಷೇಲಿ ಕೇಳ್ತಿದ್ದ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲೂ ಇಲ್ಲ. ಡಬ್ಬಿ ಬಿಚ್ಚಿದ್ದ ಹುಡುಗರೆಲ್ಲ ಈಗ ಬಂಡೆಯ ಸುತ್ತ ನಿಂತು ಚಪಡನಿಗೆ ಮುದ್ದೆ ಸೇರುತ್ತಿತ್ತೋ ಇಲ್ಲವೋ ಅಂತ ಜಗಳಕ್ಕೆ ಬಿದ್ದರು.

ಬಸ್ಸು ಹತ್ತುವ ಹೊತ್ತಿಗೆ ಗಣಿತದ ಮೇಷ್ಟ್ರ ಫೋನ್. “ನಾಳೆ ಎರಡನೇ ಪಿರಿಯಡ್ ನಂಗೆ ಬಿಟ್ಕೊಡಿ ಸಾರ್, ಪೋರ್ಶನ್ ಉಳಿದಿದೆ. ನಿಮ್ದು ಹೆಂಗೂ ಸಮಾಜ ತಾನೇ.” ಬಿಟ್ಟುಕೊಟ್ಟೆ. ಬದಲಿಗೆ ಅವರ ಶನಿವಾರದ್ದು ಕೊಡುತ್ತೇನೆ ಅಂದಿದ್ದರು. ಎಷ್ಟೋ ಶನಿವಾರ ಕಳೆದವು.