ಇತಿಹಾಸದ ಪೀರಿಯಡ್‌ನಲ್ಲಿ ಹೆನ್ರಿ ಹ್ಯಾಂಪ್ಟನ್

ಅಮೆರಿಕದ ಸಾಕ್ಷ್ಯಚಿತ್ರ ನಿರ್ಮಾಪಕ ಹೆನ್ರಿ ಹ್ಯಾಂಪ್ಟನ್ ಹೆಸರು ನನಗೆ ಗೊತ್ತಾದದ್ದು ನಮ್ಮ ಕಾಲೇಜಿನಲ್ಲೇ. ಫೈನಲ್ ಬಿ.ಎ.ಗೆ ಅಮೆರಿಕದ ಇತಿಹಾಸ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದು ದಿನ ಪುಸ್ತಕ ಮುಚ್ಚಿಸಿ, ಅಲ್ಲಿನ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ಹ್ಯಾಂಪ್ಟನ್ ಮಾಡಿದ ‘ಐಸ್ ಆನ್ ದ ಪ್ರೈಜ್’ ಸಾಕ್ಷ್ಯಚಿತ್ರ ಸರಣಿಯ ಮೊದಲ ಕಂತು ಹಾಕಿದರು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ ಎಮಿಟ್ ಟಿಲ್‌ನ ಕಥೆ ಅದರಲ್ಲಿತ್ತು. ಷಿಕಾಗೋದ ಕಪ್ಪು ಹುಡುಗ, ವಯಸ್ಸು 14. ಅವನಿಗೆ ಅಜ್ಜನ ವರಸೆಯ ಮೋಸ್ ರೈಟ್, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಬಿಳಿಯ ಆರೋಪಿಗಳತ್ತ ಬೆರಳು ತೋರಿಸಿದರು. ಆ ಗಳಿಗೆಯ ಫೋಟೊ ಇದೆ. ತೋಳು ನೆಟ್ಟಗೆ ಚಾಚಿದೆ. ಆಗಿನ ಮಿಸಿಸಿಪ್ಪಿಯಲ್ಲಿ ಒಬ್ಬ ಕಪ್ಪು ರೈತ ಹಾಗೆ ಮಾಡಬೇಕಾದರೆ ಪ್ರಾಣದ ಆಸೆ ಬಿಟ್ಟಿರಬೇಕು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರೇ. ಆರೋಪಿಗಳು ಖುಲಾಸೆಯಾದರು. ಬೆಲ್ ಹೊಡೆದರೂ ನಮ್ಮ ಕ್ಲಾಸಿನಲ್ಲಿ ಯಾರೂ ಏಳಲಿಲ್ಲ.

ಇಂಥದ್ದನ್ನು ಮಾಡಿದವರು ಯಾರು ಅಂತ ಆಮೇಲೆ ಹುಡುಕಿ ಓದಿದೆ. ಹ್ಯಾಂಪ್ಟನ್ 1940ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಪೋಲಿಯೊ ಬಂದು ಕಾಲು ಸೋತಿತ್ತು. ಅದೇ ಕಾಲಲ್ಲಿ 1965ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ನಡೆದರು. ಇದು ಸಿನಿಮಾ ಆಗಬೇಕು ಅಂತ ಅವರಿಗೆ ಅನ್ನಿಸಿದ್ದು ಅಲ್ಲೇ. 1968ರಲ್ಲಿ ಬಾಸ್ಟನ್‌ನಲ್ಲಿ ಬ್ಲ್ಯಾಕ್‌ಸೈಡ್ ಎಂಬ ಚಿತ್ರ ತಯಾರಿಕೆಯ ಕಂಪನಿ ಶುರು ಮಾಡಿದರು. ಸರಣಿಯ ಮೊದಲ ಆರು ಕಂತು ಟಿವಿಯಲ್ಲಿ ಬಂದದ್ದು ಮಾತ್ರ 1987ರಲ್ಲಿ. ಉಳಿದ ಎಂಟು 1990ರಲ್ಲಿ. ಅಷ್ಟು ವರ್ಷ ದುಡ್ಡಿಗಾಗಿ ಅಲೆದಾಟ.

ನನಗೆ ಜಾಸ್ತಿ ಇಷ್ಟವಾಗುವುದು ಅವರ ಕೆಲಸದ ಕ್ರಮ. ಶೂಟಿಂಗ್‌ಗೆ ಮೊದಲು ತಮ್ಮ ತಂಡಕ್ಕೇ ಒಂದು ಶಾಲೆ ನಡೆಸಿದರು. ಚಳವಳಿಯಲ್ಲಿದ್ದವರು, ವಿದ್ವಾಂಸರು ಬಂದು ಪಾಠ ಮಾಡಿದರು. ಆದರೆ ತೆರೆಯ ಮೇಲೆ ಪಂಡಿತರ ವಿವರಣೆ ಇಲ್ಲ. ಅಲ್ಲಿದ್ದವರು, ಕಂಡವರು, ವಿರೋಧಿಸಿದವರು, ಅವರದೇ ಮಾತು. ಕಣ್ಣಾರೆ ಕಂಡವರಿಗೆ ಅಷ್ಟು ಗೌರವ ಕೊಟ್ಟ ಚಿತ್ರಗಳು ಕಡಿಮೆ. ನಮ್ಮ ತಾಲ್ಲೂಕಿನ ಹಿರಿಯರ ನೆನಪುಗಳನ್ನು ನಾನೀಗ ರೆಕಾರ್ಡ್ ಮಾಡುತ್ತಿದ್ದೇನೆ. ಅವರು ಮಾತಾಡುವಾಗ ನಡುವೆ ಬಾಯಿ ಹಾಕದಿರುವುದನ್ನು ಕಲಿತದ್ದು ಹ್ಯಾಂಪ್ಟನ್‌ರಿಂದಲೇ.

ಒಂದು ಸಂಕಟದ ವಿಷಯವೂ ಇದೆ. ಹಳೆಯ ಸುದ್ದಿಚಿತ್ರ, ಹಾಡುಗಳ ಹಕ್ಕನ್ನು ಕೆಲವು ವರ್ಷಕ್ಕಷ್ಟೇ ಕೊಂಡಿದ್ದರು, ಅಷ್ಟಕ್ಕೇ ದುಡ್ಡಿದ್ದದ್ದು. 1990ರ ದಶಕದಲ್ಲಿ ಅವಧಿ ಮುಗಿಯಿತು, ಪ್ರಸಾರ ನಿಂತೇ ಹೋಯಿತು. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ದೇಣಿಗೆ ಸಿಕ್ಕಿ, ಹಕ್ಕು ಮತ್ತೆ ಪಡೆದು, ಸರಣಿ ಟಿವಿಗೆ ಮರಳಿದ್ದು 2006ರಲ್ಲಿ. ಒಂದು ದೇಶದ ನೆನಪು ಇಷ್ಟು ವರ್ಷ ಕಾಗದಪತ್ರದಲ್ಲಿ ಸಿಕ್ಕಿಕೊಳ್ಳಬೇಕಿತ್ತಾ?

ಅವರು ಓದಿದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ ಈಗ ಅವರ ಸಂಗ್ರಹವಿದೆ. ಚಿತ್ರದಲ್ಲಿ ಬಳಸದೆ ಬಿಟ್ಟ ಮಾತುಗಳೂ ಸೇರಿದಂತೆ ಪೂರ್ತಿ ಸಂದರ್ಶನಗಳನ್ನು ಇಂಟರ್‌ನೆಟ್‌ನಲ್ಲೇ ಓದಬಹುದು. ಈಗಿನ ಇತಿಹಾಸ ವಿದ್ಯಾರ್ಥಿಗಳು ದಯವಿಟ್ಟು ಓದಿ.