ಬೆಕ್ಕಿನ ಕಿಂಡಿಗೆ ರೀಡ್ ಸ್ವಿಚ್ಚು, ಜೊತೆಗೊಂದು 555

ಮನೆ ಬೆಕ್ಕು ಬಂದಾಗ ಮಾತ್ರ ಬೆಕ್ಕಿನ ಕಿಂಡಿಯ ಚಿಲಕ ತಾನೇ ಸರಿಯಬೇಕು. ಅದಕ್ಕೆ ಐಆರ್ (ಅವಕೆಂಪು ಬೆಳಕಿನ) ಸೆನ್ಸರ್ ಹಾಕಿದರೆ ಬಿಸಿಲಿಗೂ ಚಿಲಕ ಸರಿಯಬಹುದು. ಮೈಶಾಖ ಗುರುತಿಸುವ ಪಿಐಆರ್ ಸೆನ್ಸರಿಗಂತೂ ಮನೆ ಬೆಕ್ಕೂ ಒಂದೇ, ಬೀದಿ ಬೆಕ್ಕೂ ಒಂದೇ. ಬೆಕ್ಕಿನ ಮೈಯೊಳಗಿನ ಗುರುತಿನ ಚಿಪ್ ಓದಿಸೋಣವೆಂದರೆ ಅದು ಸಾಮಾನ್ಯವಾಗಿ 134.2 ಕಿಲೋಹರ್ಟ್ಸ್‌ನದು, ಅಂಥ ಚಿಪ್ ಓದುವ ಅಗ್ಗದ ಆರ್‌ಎಫ್‌ಐಡಿ ಮಾಡ್ಯೂಲುಗಳು ಹೆಚ್ಚಾಗಿ 125ರವು. ಕೊರಳಪಟ್ಟಿಗೊಂದು ಪುಟ್ಟ ನಿಯೋಡಿಮಿಯಂ ಆಯಸ್ಕಾಂತ, ಚೌಕಟ್ಟಿಗೆ ರೀಡ್ ಸ್ವಿಚ್ಚು (ಆಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್ಚು): ಸುಲಭದ ದಾರಿ ಇದೇ. ಪಟ್ಟಿ ಮಾತ್ರ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದಿರಲಿ.

ರೀಡ್ ಸ್ವಿಚ್ಚಿನದು ಗಾಜಿನ ಕೊಳವೆ. ತಂತಿಕಾಲನ್ನು ಬುಡದಲ್ಲೇ ಬಗ್ಗಿಸಿದರೆ ಗಾಜು ಸೀಳುತ್ತದೆ. ಗಾಜಿನ ಪಕ್ಕದಲ್ಲಿ ಇಕ್ಕುಳದಿಂದ ಹಿಡಿದು, ಅದರಾಚೆಗೆ ಬಗ್ಗಿಸಿ. ಆಯಸ್ಕಾಂತದ ಅಕ್ಷ ಕೊಳವೆಗೆ ಸಮಾಂತರವಾಗಿದ್ದರೆ ಚೆನ್ನಾಗಿ ಕೂಡುತ್ತದೆ, ಅಡ್ಡವಾಗಿ ನಡುಮಧ್ಯಕ್ಕೆ ಬಂದರೆ ಕೂಡುವುದೇ ಇಲ್ಲ. ಕೊರಳಲ್ಲಿ ತೂಗುವ ಆಯಸ್ಕಾಂತ ಯಾವ ಕಡೆ ತಿರುಗಿರುತ್ತದೋ ಯಾರಿಗೆ ಗೊತ್ತು! ಅದಕ್ಕೇ ನಾಲ್ಕು ರೀಡ್‌ಗಳನ್ನು 3 ಸೆಂ.ಮೀ. ಅಂತರದಲ್ಲಿ, ಎರಡು ಉದ್ದಕ್ಕೆ ಎರಡು ಅಡ್ಡಕ್ಕೆ ಇಟ್ಟು, ತಂತಿಗಳನ್ನು ಪ್ಯಾರಲಲ್ಲಾಗಿ ಜೋಡಿಸಿ. ಚೌಕಟ್ಟು ಮರದ್ದಾಗಲಿ; ಉಕ್ಕಿನ ತಗಡು ಕಾಂತಕ್ಷೇತ್ರವನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಪವರ್ 12 ವೋಲ್ಟ್. ಚಿಲಕ ಎಷ್ಟು ಹೊತ್ತು ಸರಿದಿರಬೇಕೆಂದು ಅಳೆಯುವುದು 555 ಟೈಮರ್ ಚಿಪ್ಪು. ಅದರ 4 ಮತ್ತು 8ನೇ ಪಿನ್ನು ಪ್ಲಸ್ಸಿಗೆ, 1 ಗ್ರೌಂಡಿಗೆ, 5ರಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್. 6 ಮತ್ತು 7 ಒಟ್ಟಿಗೆ. ಅಲ್ಲಿಂದ ಪ್ಲಸ್ಸಿಗೆ 47 ಕಿಲೋಓಮ್, ಗ್ರೌಂಡಿಗೆ 100 ಮೈಕ್ರೋಫ್ಯಾರಡ್. 1.1 × ಆರ್ × ಸಿ ಲೆಕ್ಕದಲ್ಲಿ ಚಿಲಕ ಸುಮಾರು 5 ಸೆಕೆಂಡು ಸರಿದಿರುತ್ತದೆ.

ಎಡವಟ್ಟಾಗುವುದು 2ನೇ ಪಿನ್ನಿನಲ್ಲಿ, ಅಂದರೆ ಟೈಮರನ್ನು ಶುರುಮಾಡುವ ಪಿನ್ನಿನಲ್ಲಿ. ರೀಡನ್ನು ನೇರವಾಗಿ ಅಲ್ಲಿಗೆ ಕೊಟ್ಟರೆ, ಬೆಕ್ಕು ಕಿಂಡಿಯ ಬಾಯಲ್ಲೇ ಮಲಗಿದಾಗ (ಮಲಗದೆ ಬಿಡುವುದಿಲ್ಲ) ಪಿನ್ನು ಸೊನ್ನೆಯಲ್ಲೇ ನಿಂತು, ಔಟ್‌ಪುಟ್ ಇಳಿಯದೆ, ಚಿಲಕ ಎಳೆಯುವ ವಿದ್ಯುತ್ ಸುರುಳಿ (ಸೊಲೆನಾಯ್ಡ್) ಕಾದು ಸುಡಬಹುದು. ಆದ್ದರಿಂದ ರೀಡ್‌ನ ಒಂದು ತುದಿ ಗ್ರೌಂಡಿಗೆ. ಇನ್ನೊಂದಕ್ಕೆ ಪ್ಲಸ್ಸಿನಿಂದ 10 ಕಿಲೋಓಮ್, ಅದೇ ತುದಿಯಿಂದ 2ನೇ ಪಿನ್ನಿಗೆ 100 ನ್ಯಾನೋಫ್ಯಾರಡ್; ರೀಡ್ ಕೂಡಿದ ಕ್ಷಣದ ಪುಟ್ಟ ಪಲ್ಸ್ ಮಾತ್ರ ದಾಟುತ್ತದೆ. 2ರಿಂದ ಪ್ಲಸ್ಸಿಗೂ 10 ಕಿಲೋಓಮ್, ಅದಕ್ಕೆ ಪ್ಯಾರಲಲ್ಲಾಗಿ 1ಎನ್4148 ಡಯೋಡ್, ಪಟ್ಟೆ ಪ್ಲಸ್ ಕಡೆಗೆ. ರೀಡ್ ಬಿಟ್ಟಾಗ ಕೆಪಾಸಿಟರ್ ಪಿನ್ನನ್ನು 12 ವೋಲ್ಟ್ ದಾಟಿಸಿ ಮೇಲಕ್ಕೆ ತಳ್ಳುತ್ತದೆ, ಡಯೋಡ್ ಅದನ್ನು ತಡೆಯುತ್ತದೆ.

3ನೇ (ಔಟ್‌ಪುಟ್) ಪಿನ್ನಿನಿಂದ 100 ಓಮ್ ಮೂಲಕ, ಸೊಲೆನಾಯ್ಡಿಗೆ ಸ್ವಿಚ್ಚಾಗುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ನ ಗೇಟ್. ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಸೋರ್ಸ್ ಗ್ರೌಂಡಿಗೆ, ಡ್ರೇನ್ ಮತ್ತು ಪ್ಲಸ್ ನಡುವೆ ಸೊಲೆನಾಯ್ಡ್, ಅದಕ್ಕೆ ಪ್ಯಾರಲಲ್ಲಾಗಿ 1ಎನ್4007 ಡಯೋಡ್, ಪಟ್ಟೆ ಪ್ಲಸ್ಸಿಗೆ. ಇದನ್ನು ಮರೆತರೆ ಸೊಲೆನಾಯ್ಡ್ ಆಫ್ ಆಗುವಾಗಿನ ಹಿಮ್ಮುಖ ವೋಲ್ಟೇಜು ಮಾಸ್‌ಫೆಟ್ಟನ್ನೇ ತಿನ್ನಬಹುದು. ಸೊಲೆನಾಯ್ಡ್ ಪಕ್ಕ ಪ್ಲಸ್ಸು-ಗ್ರೌಂಡಿನ ನಡುವೆ 1000 ಮೈಕ್ರೋಫ್ಯಾರಡ್, 555ರ 8 ಮತ್ತು 1ರ ನಡುವೆ 100 ನ್ಯಾನೋ ಇಲ್ಲದಿದ್ದರೆ ಚಿಲಕ ತಾನಾಗಿ ಟಕಟಕ ಅನ್ನತೊಡಗಬಹುದು.

ಆದರೂ ಚಿಲಕ ಸರಿಯದಿದ್ದರೆ ಮೊದಲು ಸರ್ಕ್ಯೂಟನ್ನು ಕೆದಕಬೇಡಿ. ಬೆಕ್ಕು ತಲೆಯಿಂದ ಕಿಂಡಿಯ ಫಲಕವನ್ನು ಒತ್ತಿದಾಗ ಚಿಲಕ ಅಲ್ಲೇ ಕಚ್ಚಿಕೊಳ್ಳುತ್ತದೆ, ಸಣ್ಣ ಸೊಲೆನಾಯ್ಡಿಗೆ ಅದನ್ನು ಎಳೆಯುವ ತ್ರಾಣವಿಲ್ಲ. ರೀಡ್‌ಗಳನ್ನು ಫಲಕಕ್ಕಿಂತ ನಾಲ್ಕೈದು ಸೆಂ.ಮೀ. ಮುಂದಕ್ಕೆ ತನ್ನಿ, ತಲೆ ತಾಗುವ ಮೊದಲೇ ಚಿಲಕ ಸರಿದಿರುತ್ತದೆ.