ಕಾಕಾನ ದ್ರಾಕ್ಷಿ, ಊರ ಕೆರೆ

ಹುಬ್ಬಳ್ಳಿ, 12 ಅಕ್ಟೋಬರ್ 2025, ಭಾನುವಾರ

ಊರಿನಿಂದ ಬಂದೆ. ಬಸ್ಸು, ಧೂಳು, ಬ್ಯಾಗಿನಲ್ಲಿ ಅಜ್ಜಿ ಕಟ್ಟಿಕೊಟ್ಟ ಕಟಕ್ ರೊಟ್ಟಿ. ಅದೆಲ್ಲ ಇರಲಿ. ಕಾಕಾನ ಮಾತು ತಲೆಯಿಂದ ಹೋಗುತ್ತಿಲ್ಲ.

ವಿಜಯಪುರದ ಬೀಗರನ್ನು ನೋಡಿ ಎರಡು ಎಕರೆ ದ್ರಾಕ್ಷಿ ಹಾಕಿದ್ದಾನೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಮುಗಿದಿದೆ, ಎಳೆ ಚಿಗುರು. ಮೋಡ ಕವಿದರೆ ಸಾಕು, ಎಲೆಗೆ ಬೂಜು ಹಿಡಿಸುವ ದಾವಣಿ ರೋಗದ ಭಯ. ಹಾಗಾಗಿ ತಾಮ್ರ ಇರುವ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಲೇ ಇರುತ್ತಾನೆ.

"ಹಳೇ ಕಾಲದ ಔಷಧ ನೋಡವಾ ಇದು, ಏನೂ ಆಗಂಗಿಲ್ಲ."

ಹಳೆಯದು ನಿಜ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಶುರುವಾದದ್ದು. ಆದರೆ ತಾಮ್ರ ಕೊಳೆಯುವುದಿಲ್ಲವಲ್ಲ! ಮಣ್ಣಿನಲ್ಲೇ ಕೂರುತ್ತದೆ, ಮಣ್ಣು ಕೊಚ್ಚಿ ಹೋದರೆ ಜೊತೆಗೇ ಹೊರಡುತ್ತದೆ. ಯುರೋಪಿನ ಒಕ್ಕೂಟದಲ್ಲಿ ಈಗ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರಕ್ಕೆ ಅನುಮತಿ, ಅಷ್ಟೇ. ಕಾಕಾನ ಹೊಲ ಇಳಿಯುವುದು ಕೆರೆ ಕಡೆಗೆ. ಬೋರಿನ ನೀರು ಸವಳಾದ ನಮ್ಮ ನವಲಗುಂದ ಸೀಮೆಯಲ್ಲಿ ಕುಡಿಯುವುದೂ ಕೆರೆ ನೀರೇ.

ಕ್ಯಾಲಿಫೋರ್ನಿಯಾದ ಕಥೆ ಹೇಳಿದೆ. ನಾಪಾ ನದಿ ಕೆಡುತ್ತಿದೆ ಅಂತ ಅಲ್ಲಿನ ನೀರಿನ ಮಂಡಳಿ 2017ರಲ್ಲಿ ದ್ರಾಕ್ಷಿ ತೋಟಗಳಿಗೆ ನಿಯಮ ತಂದಿತು. 5 ಎಕರೆ ಅಥವಾ ಅದಕ್ಕಿಂತ ದೊಡ್ಡ ತೋಟದವರು ಮಣ್ಣು ನದಿಗೆ ಹೋಗದಂತೆ ನೋಡಿಕೊಳ್ಳಬೇಕು.

ಕಾಕಾ ಎಲೆ ಅಡಿಕೆ ಒಂದು ದವಡೆಗೆ ಸರಿಸಿದ. "ಹಂಗಾದ್ರ ನಾ ಪಾರಾದೆ ಬಿಡು. ನಂದು ಎರಡ ಎಕರೆ."

ನಗು ಬಂತು, ಆಮೇಲೆ ಸಿಟ್ಟೂ ಬಂತು. ಆ ಲೆಕ್ಕ ಹಿಡಿದರೆ ಊರಿನ ಮುಕ್ಕಾಲು ಪಾಲು ಜನ ಪಾರು. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವವರೂ ಪಾರು. ನೀರು ಕೆಡಿಸುವುದನ್ನು ತಡೆಯುವ ನಮ್ಮ 1974ರ ಜಲ ಕಾಯ್ದೆ ಕಾರ್ಖಾನೆಯ ಪೈಪಿಗೆ ಸರಿ. ಹೊಲಕ್ಕೆ ಪೈಪೇ ಇಲ್ಲ, ಮಳೆ ಬಂದಾಗ ಎಲ್ಲಿಂದಾದರೂ ಹರಿಯುತ್ತದೆ. ಇಲ್ಲಿ ಎಕರೆ ಅಳೆಯುವ ಬದಲು ಕೆರೆಯಿಂದ ಎಷ್ಟು ದೂರ ಅಂತ ಅಳೆಯಬೇಕು. ಹತ್ತಿರದ ಹೊಲಕ್ಕೆಲ್ಲ, ಬೆಳೆ ಯಾವುದೇ ಇರಲಿ, ತಳದಲ್ಲಿ ಒಡ್ಡು, ಒಡ್ಡಿನ ಗುಂಟ ಅಗಲಕ್ಕೆ ಹುಲ್ಲು ಬೇಕು ಅಂತ ಕಾಕಾನಿಗೆ ಹೇಳಿದೆ. ಮಣ್ಣು ನಿಂತರೆ ತಾಮ್ರವೂ ಬಹಳಷ್ಟು ನಿಲ್ಲುತ್ತದೆ. ಯೂರಿಯಾದಿಂದ ಬರುವ ನೈಟ್ರೇಟ್ ಮಾತ್ರ ಹುಲ್ಲಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಕರಗಿ ಹೋಗಿಬಿಡುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕೆ ಗೊಬ್ಬರ ಹಾಕುವಾಗಲೇ ಕೈ ಹಿಡಿಯಬೇಕು.

"ಎರಡ ಸಾಲ ಬಳ್ಳಿ ಕೀಳಬೇಕಾಕ್ಕತಿ. ಅದರ ರೊಕ್ಕ ಯಾರ ಕೊಡ್ತಾರ, ನೀ ಕೊಡ್ತೀ ಏನು?"

ಕಾಕಿ ಒಳಗಿನಿಂದಲೇ ನಕ್ಕಳು. ಸರ್ಕಾರದ ಉದ್ಯೋಗ ಖಾತ್ರಿಯಲ್ಲಿ ಬದು ಕೆಲಸಕ್ಕೆ ಕೂಲಿ ಸಿಗುತ್ತದೆ, ಸರಿ. ಕಿತ್ತ ಬಳ್ಳಿಗೆ? ಕೆರೆ ನೀರು ಕುಡಿಯುವವರೆಲ್ಲ ಸೇರಿ ಕೊಡಬೇಕಲ್ವಾ? ನಾಳೆ ಫೋನ್ ಮಾಡಿ ಆ ಎರಡು ಸಾಲಿಗೆ ಎಷ್ಟು ಪೆಟ್ಟಿಗೆ ಹಣ್ಣು ಬರುತ್ತದೆ ಅಂತ ಕೇಳಬೇಕು. ಆಮೇಲೆ ಪಂಚಾಯಿತಿಯಲ್ಲಿ ಮಾತೆತ್ತಬೇಕು.